ಮಲ್ಪೆಗೆ ಹೊರಡುವ ಮುನ್ನ ಕಡಲನ್ನೂ ಕೇಳಿಕೊಳ್ಳಿ

ಮಾನ್ಯ ಸಂಪಾದಕರೇ,

ತಮ್ಮ ಪತ್ರಿಕೆಯ ಪ್ರವಾಸ ಪುಟದಲ್ಲಿ ಈಚೆಗೆ ಅಚ್ಚಾದ ಸೇಂಟ್ ಮೇರೀಸ್ ದ್ವೀಪದ ಚಿತ್ರಗಳನ್ನು ನೋಡಿ ಸಂತೋಷವಾಯಿತು. ಆದರೆ ಚಿತ್ರಗಳ ಜೊತೆಗಿದ್ದ ಬರಹದಲ್ಲಿ ಉಡುಪಿಯಿಂದ ಮಲ್ಪೆಗೆ ಎಷ್ಟು ದೂರ, ಎಲ್ಲಿ ತಂಗಬಹುದು, ಮೀನೂಟ ಎಲ್ಲಿ ರುಚಿ ಎಂಬುದೆಲ್ಲ ಇತ್ತೇ ಹೊರತು, ದ್ವೀಪಕ್ಕೆ ದೋಣಿ ಯಾವ ತಿಂಗಳುಗಳಲ್ಲಿ ಹೋಗುವುದಿಲ್ಲ ಎಂಬ ಮೊದಲ ಮಾತೇ ಇರಲಿಲ್ಲ. ಪ್ರೌಢಶಾಲೆಯಲ್ಲಿ ಭೂಗೋಳ ಕಲಿಸಿ ನಿವೃತ್ತನಾದ ನಾನು ಹಲವು ಸಲ ಮಕ್ಕಳನ್ನು ಅಲ್ಲಿಗೆ ಕರೆದೊಯ್ದವನು. ಶಾಲೆಗಳು ಪ್ರವಾಸದ ಪಟ್ಟಿ ಹಾಕಿಕೊಳ್ಳುವ ಈ ಹೊತ್ತಿನಲ್ಲಿ ಒಂದೆರಡು ಮಾತು ಹೇಳುವುದು ಉಚಿತವೆನಿಸಿತು.

ನಾನೇ ಎಡವಿದ್ದನ್ನು ಮೊದಲು ಒಪ್ಪಿಕೊಳ್ಳುತ್ತೇನೆ. ಕೆಲವು ವರ್ಷಗಳ ಹಿಂದೆ ಗೌರಿ ಹಬ್ಬದ ರಜೆಯಲ್ಲಿ ಬಂಧುಗಳೆಲ್ಲ ಸೇರಿ ವಾಹನ ಮಾಡಿಕೊಂಡು ದಾವಣಗೆರೆಯಿಂದ ಹೊರಟೆವು. ಏರ್ಪಾಡು ಮಾಡಿದ ಪ್ರವಾಸ ಸಂಸ್ಥೆಯವರನ್ನು ಕೇಳಿದಾಗ "ಎಲ್ಲಾ ಓಪನ್ ಇದೆ ಸಾರ್" ಎಂದಿದ್ದರು. ರಾತ್ರಿಯಿಡೀ ಮಳೆಯಲ್ಲಿ ಘಟ್ಟ ಇಳಿದು ಮಲ್ಪೆ ತಲುಪಿದರೆ ದೋಣಿಗಳೆಲ್ಲ ದಡದಲ್ಲಿದ್ದವು. ಮಳೆಗಾಲದಲ್ಲಿ, ಸಾಮಾನ್ಯವಾಗಿ ಜೂನ್‌ನಿಂದ ಸೆಪ್ಟೆಂಬರ್ ನಡುವಿನವರೆಗೆ, ಕಡಲು ಒರಟಾಗಿರುವುದರಿಂದ ದ್ವೀಪಯಾನ ನಿಂತಿರುತ್ತದೆ. ಮತ್ತೆ ಆರಂಭವಾಗುವುದು ಕ್ಯಾಲೆಂಡರ್ ನೋಡಿ ಅಲ್ಲ, ಕಡಲು ಶಾಂತವಾದುದನ್ನು ನೋಡಿ. ಯಾಂತ್ರಿಕ ದೋಣಿಗಳ ಮೀನುಗಾರಿಕೆ ನಿಷೇಧ ಜುಲೈ 31ಕ್ಕೆ ಮುಗಿಯುತ್ತದೆಂಬುದನ್ನು ಓದಿ, ಹಾಗಾದರೆ ಆಗಸ್ಟ್‌ನಿಂದ ನಮಗೂ ದೋಣಿ ಸಿಗುತ್ತದೆ ಎಂದು ಲೆಕ್ಕ ಹಾಕುವವರಿದ್ದಾರೆ. ನಾನು ಹಾಕಿದ್ದೂ ಅದೇ ಲೆಕ್ಕ. ಬಲೆ ಎಳೆಯಲು ಹೋಗುವವರ ಕಡಲೂ ಹೆಂಗಸರು ಮಕ್ಕಳನ್ನು ಕೂರಿಸಿಕೊಂಡು ಹೋಗುವ ದೋಣಿಯ ಕಡಲೂ ಒಂದೇ ಅಲ್ಲವೆಂದು ಅಂದು ದಡದಲ್ಲಿ ಚಹಾ ಕೊಟ್ಟ ಹಿರಿಯರೊಬ್ಬರು ತಿಳಿಸಿ ಹೇಳಿದರು.

ಇನ್ನು ಸರಿಯಾದ ಕಾಲಕ್ಕೆ ಹೋದವರೂ ಅಲ್ಲಿ ನೋಡಬೇಕಾದುದನ್ನು ನೋಡಿ ಬರುತ್ತಾರೆಯೇ ಎಂಬುದು ನನ್ನ ಅನುಮಾನ. ತೆಂಗಿನ ಮರ, ಚಿಪ್ಪು ತುಂಬಿದ ದಡ, ನೀಲಿ ನೀರು ಇವೆಲ್ಲ ಚೆಂದವೇ. 1498ರಲ್ಲಿ ವಾಸ್ಕೋ ಡ ಗಾಮ ಇಲ್ಲಿ ಇಳಿದು ಮೇರಿ ಮಾತೆಯ ಹೆಸರಿಟ್ಟನೆಂಬ ಪ್ರತೀತಿಯನ್ನೂ ಎಲ್ಲರೂ ಹೇಳುತ್ತಾರೆ. ಆದರೆ ಆ ದ್ವೀಪವನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವನ್ನಾಗಿಸಿದ್ದು ಅದರ ಕಲ್ಲು. ಭಾರತವೂ ಮಡಗಾಸ್ಕರ್ ದ್ವೀಪವೂ ಒಂದಕ್ಕೊಂದು ಅಂಟಿಕೊಂಡಿದ್ದ ನೆಲ ಸೀಳಿಕೊಳ್ಳುತ್ತಿದ್ದಾಗ, ಅಂದರೆ ಸುಮಾರು 8.5ರಿಂದ 9 ಕೋಟಿ ವರ್ಷಗಳ ಹಿಂದೆ, ಉಕ್ಕಿದ ಲಾವಾ ಇದು. ಉತ್ತರ ಕರ್ನಾಟಕದವರೆಗೆ ಹರಡಿರುವ ದಖನ್ ಲಾವಾ ಪದರಗಳಿಗಿಂತ ಸುಮಾರು 2 ಕೋಟಿ ವರ್ಷ ಹಿರಿದು. ಬಿಸಿ ಲಾವಾ ತಣಿಯುತ್ತ ಕುಗ್ಗುವಾಗ ಬಿರುಕು ಬಿಡುತ್ತದೆ. ಬೇಸಿಗೆಯಲ್ಲಿ ಬತ್ತಿದ ಕೆರೆಯಂಗಳದ ಕೆಸರು ಬಿಲ್ಲೆಬಿಲ್ಲೆಯಾಗಿ ಬಿರಿಯುವುದನ್ನು ಕಂಡ ಮಕ್ಕಳಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ವ್ಯತ್ಯಾಸವಿಷ್ಟೇ, ಇಲ್ಲಿ ಬಿರುಕು ಮೇಲಿನಿಂದ ಒಳಕ್ಕೆ ಇಳಿಯುತ್ತ ಹೋಗಿ ಐದು, ಆರು, ಏಳು ಮೂಲೆಗಳ ಕಂಬಗಳನ್ನೇ ಕಡೆದಿದೆ. ಕಂಬಗಳ ತಲೆಯ ಮೇಲೆ ನಿಂತು ಮೂಲೆ ಎಣಿಸಿ ಬರೆದುಕೊಳ್ಳಲು ಹೇಳಿದರೆ ಮಕ್ಕಳು ಒಂದು ಗಂಟೆ ಮೊಬೈಲ್ ಮರೆಯುತ್ತಾರೆಂಬುದು ನನ್ನ ಅನುಭವ. ಬೆಂಗಳೂರಿನ ಮಕ್ಕಳಾದರೆ ಮೊದಲು ಲಾಲ್‌ಬಾಗಿನ ಬಂಡೆಯನ್ನು ತೋರಿಸಿ ಬರಬೇಕು. ಸುಮಾರು 300 ಕೋಟಿ ವರ್ಷದ ಆ ಅಜ್ಜನ ಮುಂದೆ ಮಲ್ಪೆಯ ಕಲ್ಲು ಇನ್ನೂ ಎಳೆಗೂಸು.

ಈ ಕಂಬಗಳನ್ನು ಪೂರ್ತಿಯಾಗಿ ಕಾಣಬೇಕಾದರೆ ನೀರಿಳಿದ ಹೊತ್ತನ್ನು ಹಿಡಿಯಬೇಕು. ಉಬ್ಬರದಲ್ಲಿ ಮುಳುಗಿರುವ ದಡದ ಸಾಲುಗಳು ಇಳಿತದಲ್ಲಿ ಮೇಲೇಳುತ್ತವೆ. ದಿನಕ್ಕೆ ಎರಡು ಸಲ ಬರುವ ಇಳಿತದ ವೇಳೆ ದಿನದಿಂದ ದಿನಕ್ಕೆ ಸುಮಾರು 50 ನಿಮಿಷ ಮುಂದಕ್ಕೆ ಸರಿಯುವುದರಿಂದ, ಕಳೆದ ವಾರ ಹೋಗಿಬಂದವರು ಹೇಳಿದ ಗಂಟೆ ಈ ವಾರಕ್ಕೆ ಹೊಂದುವುದಿಲ್ಲ. ಆದರೆ ನೀರಿಳಿದ ಕಲ್ಲಿನ ಮೇಲೆ ಪಾಚಿ ಇರುತ್ತದೆ. ಹವಾಯಿ ಚಪ್ಪಲಿ ಹಾಕಿಕೊಂಡು ಬಂದ ಮಕ್ಕಳು ಜಾರಿ ಮೊಣಕಾಲು ಒಡೆದುಕೊಂಡದ್ದನ್ನು ಕಂಡಿದ್ದೇನೆ. ದ್ವೀಪದಲ್ಲಿ ರಾತ್ರಿ ಉಳಿಯುವಂತಿಲ್ಲ. ಕುಡಿಯುವ ನೀರು ಒಯ್ಯಬೇಕು, ಖಾಲಿ ಬಾಟಲಿಯನ್ನು ಮರಳಿ ತರಬೇಕು. ನಾವು ಹೋದಾಗಲೆಲ್ಲ ದೋಣಿ ತುಂಬುವಷ್ಟು ಜನ ಸೇರುವವರೆಗೆ ದಡದಲ್ಲಿ ಕಾಯಬೇಕಾಗುತ್ತಿತ್ತು. ಆದ್ದರಿಂದ ಮಧ್ಯಾಹ್ನ ಮಲ್ಪೆ, ಸಂಜೆ ಕೃಷ್ಣಮಠ, ರಾತ್ರಿ ಮುರ್ಡೇಶ್ವರ ಎಂದು ಒಂದೇ ದಿನಕ್ಕೆ ಎಲ್ಲವನ್ನೂ ತುರುಕಿದ ಪ್ರವಾಸಗಳಲ್ಲಿ ದ್ವೀಪಕ್ಕೆ ಉಳಿಯುವುದು ಸೆಲ್ಫಿಯ ಹೊತ್ತು ಮಾತ್ರ.

ಸಂಬಂಧಪಟ್ಟ ಇಲಾಖೆಗಳಲ್ಲಿ ನನ್ನ ಕೋರಿಕೆ ದೊಡ್ಡದೇನಲ್ಲ. "ಇಂದು ದ್ವೀಪಕ್ಕೆ ದೋಣಿ ಇದೆ" ಅಥವಾ "ಇಲ್ಲ" ಎಂಬ ಒಂದು ಸಾಲನ್ನು, ಅಂದಿನ ಇಳಿತದ ವೇಳೆಯೊಂದಿಗೆ, ಪ್ರತಿ ಬೆಳಿಗ್ಗೆ ಕನ್ನಡದಲ್ಲಿ ಅಂತರ್ಜಾಲದಲ್ಲಿ ಪ್ರಕಟಿಸಿದರೆ ಘಟ್ಟದ ಮೇಲಿನವರು ಮನೆಯಿಂದ ಹೊರಡುವ ಮೊದಲೇ ನೋಡಿಕೊಳ್ಳಬಹುದು. ಕಲ್ಲುಕಂಬಗಳ ಕಥೆಯನ್ನು ಎಂಟನೆಯ ತರಗತಿಯ ಮಗುವಿಗೆ ತಿಳಿಯುವ ಕನ್ನಡದಲ್ಲಿ ಒಂದೇ ಹಾಳೆಯಲ್ಲಿ ಅಚ್ಚುಹಾಕಿಸಿ ದೋಣಿಯ ಟಿಕೆಟ್ ಜೊತೆಗೆ ಕೊಟ್ಟರೆ ಮತ್ತೂ ಒಳ್ಳೆಯದು. ತಮ್ಮ ಪತ್ರಿಕೆಯೂ ಮುಂದಿನ ಬಾರಿ ಇಂಥ ತಾಣದ ಚಿತ್ರ ಹಾಕುವಾಗ ಹೋಟೆಲುಗಳ ಹೆಸರಿಗಿಂತ ಮೊದಲು, ಹೋಗಬಾರದ ತಿಂಗಳುಗಳನ್ನು ಅಚ್ಚುಮಾಡಬೇಕೆಂದು ವಿನಂತಿ.

ಇಂತಿ ತಮ್ಮ ವಿಶ್ವಾಸಿ,
ನಿವೃತ್ತ ಪ್ರೌಢಶಾಲಾ ಶಿಕ್ಷಕ, ದಾವಣಗೆರೆ