ಗಣಿ ದೂಳಿನ ನಡುವೆ ಕ್ಯಾಮೆರಾ: ಗಾಜು ಒರೆಸುವ ಕೆಲಸಕ್ಕೂ ಗುತ್ತಿಗೆಯಲ್ಲಿ ಜಾಗವಿರಲಿ

ಸಂಪಾದಕರಿಗೆ,

ಮಾನ್ಯರೇ,

ಸಂಡೂರಿನಿಂದ ಹೊಸಪೇಟೆಗೆ ಬರುವ ದಾರಿಯ ಗಿಡಮರಗಳ ಎಲೆ ಬೇಸಿಗೆಯಲ್ಲಿ ಯಾವ ಬಣ್ಣಕ್ಕೆ ತಿರುಗುತ್ತದೆ ಎಂಬುದನ್ನು ಈ ಭಾಗದ ಓದುಗರಿಗೆ ಹೇಳಬೇಕಾಗಿಲ್ಲ. ಅದೇ ಕೆಂದೂಳು ಅದಿರಿನ ಯಾರ್ಡು, ಅದಿರು ಪುಡಿ ಮಾಡುವ ಕ್ರಷರ್, ಲಾರಿ ತೂಗುವ ವೇಬ್ರಿಡ್ಜ್‌ಗಳಲ್ಲಿ ಹಾಕಿರುವ ಸಿಸಿಟಿವಿ ಕ್ಯಾಮೆರಾಗಳ ಮುಖದ ಮೇಲೂ ಕೂರುತ್ತದೆ. ಹದಿನಾಲ್ಕು ವರ್ಷಗಳಿಂದ ಇಂಥ ಕ್ಯಾಮೆರಾಗಳನ್ನು ಅಳವಡಿಸಿ ನೋಡಿಕೊಳ್ಳುವ ಕೆಲಸದಲ್ಲಿರುವ ನಾನು, ಅವುಗಳ ಗಾಜನ್ನು ನಮ್ಮ ಕಡೆ ಒರೆಸುತ್ತಿರುವ ರೀತಿಯ ಬಗ್ಗೆ ತಮ್ಮ ಪತ್ರಿಕೆಯ ಮೂಲಕ ಕಾರ್ಖಾನೆಗಳ ಮಾಲೀಕರ, ಗುತ್ತಿಗೆದಾರರ ಮತ್ತು ಅಧಿಕಾರಿಗಳ ಗಮನ ಸೆಳೆಯಬಯಸುತ್ತೇನೆ. ವಿಷಯ ತೀರ ಸಣ್ಣದೆಂದು ಮೊದಲ ನೋಟಕ್ಕೆ ಅನ್ನಿಸಬಹುದು. ನನಗೂ ಹಿಂದೆ ಹಾಗೆಯೇ ಅನ್ನಿಸಿತ್ತು.

ಕೆಲವು ವರ್ಷಗಳ ಹಿಂದೆ ಒಂದು ಅದಿರು ಯಾರ್ಡಿನಲ್ಲಿ, ರಾತ್ರಿ ಪಾಳಿಯ ಹೊತ್ತಿನಲ್ಲಿ, ಹಿಂದಕ್ಕೆ ಬರುತ್ತಿದ್ದ ಲಾರಿಯೊಂದು ಇನ್ನೊಂದು ಲಾರಿಯ ಕ್ಲೀನರ್ ಹುಡುಗನ ಕಾಲಿನ ಮೇಲೆ ಹರಿಯಿತು. ತೂಕಕ್ಕೆ ಕಾದು ನಿಂತಿದ್ದ ಸಾಲಿನಲ್ಲಿ ಏಳೆಂಟು ಲಾರಿಗಳಿದ್ದವು. ತನ್ನ ಗಾಡಿಯಲ್ಲ ಎಂದು ಪ್ರತಿಯೊಬ್ಬ ಚಾಲಕನೂ ಹೇಳಿದ. ದೃಶ್ಯ ತೆಗೆದುಕೊಡಲು ಮರುದಿನ ಬೆಳಿಗ್ಗೆ ನನ್ನನ್ನು ಕರೆಸಿದರು. ಅಲ್ಲಿನ ನಿರ್ವಹಣೆ ನನ್ನದಾಗಿರಲಿಲ್ಲ. ನಾಲ್ಕೂ ಕ್ಯಾಮೆರಾ ಚಾಲೂ ಇದ್ದವು, ರೆಕಾರ್ಡಿಂಗ್ ಒಂದು ನಿಮಿಷವೂ ತಪ್ಪಿರಲಿಲ್ಲ. ಆದರೆ ಕತ್ತಲಾದ ಮೇಲಿನ ದೃಶ್ಯದಲ್ಲಿ ಪರದೆಯ ತುಂಬ ಹಾಲು ಚೆಲ್ಲಿದಂಥ ಬಿಳುಪು, ಅದರ ನಡುವೆ ಹೆಡ್‌ಲೈಟುಗಳ ಉಬ್ಬಿದ ಮಚ್ಚೆಗಳು, ಅಷ್ಟೇ. ಲಾರಿಯ ನಂಬರ್ ಹಾಗಿರಲಿ, ಅಲ್ಲೊಬ್ಬ ಮನುಷ್ಯ ನಿಂತಿದ್ದನೆಂಬುದೂ ತಿಳಿಯುತ್ತಿರಲಿಲ್ಲ. ಏಣಿ ಹತ್ತಿ, ವೇಬ್ರಿಡ್ಜ್ ಕಡೆಗಿದ್ದ ಕ್ಯಾಮೆರಾದ ಡೋಮ್, ಅಂದರೆ ಅರೆಗೋಳದಂಥ ಪಾರದರ್ಶಕ ಮುಚ್ಚಳ, ಬಿಚ್ಚಿ ತಂದು ಟಾರ್ಚಿನ ಬೆಳಕಿಗೆ ಹಿಡಿದು ನೋಡಿದೆ. ಅದರ ಮೇಲೆ ದೂಳು ಹೆಚ್ಚೇನೂ ಇರಲಿಲ್ಲ. ಹಿಂದಿನ ದಿನವಷ್ಟೇ ಒರೆಸಿದ್ದರಂತೆ. ಇದ್ದದ್ದು ಗೀರುಗಳು. ಸ್ಟೀಲ್ ತಟ್ಟೆಯನ್ನು ನಾರು ಮತ್ತು ಬೂದಿ ಹಾಕಿ ವರ್ಷಗಟ್ಟಲೆ ತಿಕ್ಕಿದರೆ ಬಿಸಿಲಿಗೆ ಹೇಗೆ ಸುತ್ತುಸುತ್ತಾಗಿ ಗೆರೆಗಳು ಹೊಳೆಯುತ್ತವೆಯೋ ಹಾಗೆ, ಲೆಕ್ಕವಿಲ್ಲದಷ್ಟು ಸಣ್ಣ ಗೆರೆಗಳು. ಕೆಳಗೆ ಸೆಕ್ಯುರಿಟಿ ಕೋಣೆಯ ಮೂಲೆಯಲ್ಲಿ, ಆ ಡೋಮನ್ನು ಒರೆಸುತ್ತಿದ್ದ ಕಾಟನ್ ವೇಸ್ಟಿನ ಉಂಡೆ ಇಟ್ಟಿಗೆ ಬಣ್ಣಕ್ಕೆ ತಿರುಗಿ ಬಿದ್ದಿತ್ತು. ಹುಡುಗನ ಕಾಲಿನ ಮೇಲೆ ಹರಿದ ಲಾರಿ ಯಾವುದೆಂಬುದು ಕೊನೆಗೂ ಖಚಿತವಾಗಲಿಲ್ಲ.

ಆ ಡೋಮನ್ನು ಹಾಳು ಮಾಡಿದ್ದು ನಿರ್ಲಕ್ಷ್ಯ ಎನ್ನಲು ನನಗೆ ಮನಸ್ಸು ಬರುವುದಿಲ್ಲ. ಅದನ್ನು ಒರೆಸುತ್ತಿದ್ದ ಕೆಲಸಗಾರ ವಾರಕ್ಕೊಮ್ಮೆ ತಪ್ಪದೆ, ಶ್ರದ್ಧೆಯಿಂದ, ಬಲ ಹಾಕಿ ಒರೆಸುತ್ತಿದ್ದ. ಬಲ ಹಾಕಬಾರದೆಂದು ಅವನಿಗೆ ಯಾರೂ ಹೇಳಿರಲಿಲ್ಲ. ನಮ್ಮ ಗುಡ್ಡಗಳ ಅದಿರು ಮುಖ್ಯವಾಗಿ ಹೆಮಟೈಟ್. ಅದರ ಜೊತೆಗೆ ಬೆಣಚುಕಲ್ಲಿನ ಪುಡಿಯೂ ಬೆರೆತಿರುತ್ತದೆ. ಖನಿಜಗಳ ಗಡಸುತನವನ್ನು ಅಳೆಯುವ ಮೋಸ್ ಮಾಪಕದಲ್ಲಿ ಹೆಮಟೈಟ್ ಸುಮಾರು 5ರಿಂದ 6ರಷ್ಟಿದ್ದರೆ ಬೆಣಚು 7ರಷ್ಟಿದೆ. ಸಾಮಾನ್ಯ ಕಿಟಕಿ ಗಾಜು ಐದೂವರೆಯ ಆಸುಪಾಸಿನಲ್ಲಿದೆ. ಡೋಮ್‌ಗಳನ್ನು ಮಾಡುವ ಪಾಲಿಕಾರ್ಬೊನೇಟ್ ಅಥವಾ ಅಕ್ರಿಲಿಕ್ ಎಂಬ ಪ್ಲಾಸ್ಟಿಕ್ಕು ಗಾಜಿಗಿಂತ ಎಷ್ಟೋ ಮೆದು. ಹೀಗಿರುವಾಗ ದೂಳು ಕೂತಿರುವ ಡೋಮಿನ ಮೇಲೆ ಒಣಬಟ್ಟೆಯಿಂದ ಉಜ್ಜುವುದೆಂದರೆ ಉಪ್ಪುಕಾಗದದಿಂದ ಉಜ್ಜಿದಂತೆಯೇ ಆಯಿತು.

ಗೀರಾಗಲಿ ದೂಳಾಗಲಿ ರಾತ್ರಿಯಲ್ಲೇ ಹೆಚ್ಚು ಕಾಡಲು ಕಾರಣವಿದೆ. ಈ ಕ್ಯಾಮೆರಾಗಳ ಲೆನ್ಸಿನ ಸುತ್ತ ಇನ್‌ಫ್ರಾರೆಡ್ ಬೆಳಕು ಬೀರುವ ಎಲ್‌ಇಡಿಗಳಿರುತ್ತವೆ. ಕತ್ತಲಲ್ಲಿ ಕ್ಯಾಮೆರಾ ನೋಡುವುದು ಆ ಬೆಳಕಿನಲ್ಲಿ. ಮುಖದ ಮೇಲೆ ದೂಳಿನ ಪದರವೋ ಗೀರೋ ಜೇಡರ ಬಲೆಯೋ ಇದ್ದರೆ, ಅಂಗಳಕ್ಕೆ ಹೋಗಬೇಕಾದ ಬೆಳಕಿನಲ್ಲಿ ಒಂದು ಪಾಲು ಅಲ್ಲಿಯೇ ಚದುರಿ ಲೆನ್ಸಿಗೇ ಮರಳುತ್ತದೆ, ಚಿತ್ರವೆಲ್ಲ ಬಿಳಿಚುತ್ತದೆ. ಹಗಲಿನಲ್ಲಿ ಹೀಗಾಗುವುದಿಲ್ಲ. ಲೆನ್ಸು ದೂರಕ್ಕೆ ನೆಟ್ಟಿರುವುದರಿಂದ ಮೂಗಿನ ಮುಂದಿನ ದೂಳು ಚಿತ್ರದಲ್ಲಿ ಬಿಡಿಯಾಗಿ ಕಾಣದೆ ಬಣ್ಣ ತುಸು ಮಂಕಾಗುತ್ತದೆ, ಅಷ್ಟೆ. ಕಚೇರಿಯವರು ಪರದೆ ನೋಡುವುದು ಹಗಲಿನಲ್ಲಿ; ಎಲ್ಲ ಸರಿಯಾಗಿದೆ ಎಂದು ರಿಜಿಸ್ಟರಿನಲ್ಲಿ ಸಹಿ ಹಾಕುವುದೂ ಹಗಲಿನಲ್ಲಿ. ಇನ್ನೊಂದು ತೊಂದರೆಯೂ ಇದೆ: ಚಲನೆ ಕಂಡಾಗ ಮಾತ್ರ ರೆಕಾರ್ಡ್ ಮಾಡುವಂತೆ ಹೊಂದಿಸಿದ ಕಡೆ, ಲೆನ್ಸಿನ ಮುಂದೆ ಅಲುಗಾಡುವ ಬಲೆಯೊಂದು ರಾತ್ರಿಯಿಡೀ ರೆಕಾರ್ಡಿಂಗ್ ನಡೆಸಿ ಹಾರ್ಡ್‌ಡಿಸ್ಕ್ ತುಂಬಿಸುತ್ತದೆ, ಹಳೆಯ ದಿನಗಳ ದೃಶ್ಯ ಅವಧಿಗೆ ಮುಂಚೆಯೇ ಅಳಿಸಿಹೋಗುತ್ತದೆ.

ಹಾಗಾದರೆ ಒರೆಸುವುದು ಹೇಗೆ? ಮೊದಲ ನಿಯಮವೆಂದರೆ, ದೂಳು ಹೋಗುವವರೆಗೆ ಬಟ್ಟೆ ಮುಟ್ಟಿಸಬಾರದು. ಫೋಟೊಗ್ರಾಫರುಗಳು ಬಳಸುವ, ಕೈಯಲ್ಲಿ ಹಿಂಡುವ ರಬ್ಬರ್ ಬ್ಲೋವರಿನಿಂದ ಗಾಳಿ ಊದಿ ಸಡಿಲ ದೂಳನ್ನು ಹಾರಿಸಬೇಕು. ಉಳಿದದ್ದನ್ನು ಮೆತ್ತನೆಯ ಕೂದಲಿನ ಬ್ರಷ್ಷಿನಿಂದ, ಗಾಜಿಗೆ ತಾಗಿಯೂ ತಾಗದಂತೆ, ಮೇಲಿನಿಂದ ಕೆಳಕ್ಕೆ ಇಳಿಸಬೇಕು. ಬಾಯಿಂದ ಊದಿದರೆ ಎಂಜಲಿನ ಹನಿ ಬಿದ್ದು ದೂಳು ಕೆಸರಾಗುತ್ತದೆ. ಟಯರಿಗೆ ಗಾಳಿ ಹಿಡಿಯುವ ಕಂಪ್ರೆಸರ್ ಪೈಪನ್ನು ಕ್ಯಾಮೆರಾಕ್ಕೆ ಹಿಡಿಯುವುದನ್ನು ನಾನು ಬಹಳ ಕಡೆ ಕಂಡಿದ್ದೇನೆ. ಅದರ ಗಾಳಿಯಲ್ಲಿ ಎಣ್ಣೆ ಮತ್ತು ನೀರಿನ ತುಂತುರು ಇರುತ್ತದೆ. ಬಿಸಿಲಿಗೆ ಗಟ್ಟಿಯಾದ, ಅಂಚು ಮುಚ್ಚುವ ಹಳೆಯ ರಬ್ಬರ್ ಗ್ಯಾಸ್ಕೆಟ್‌ನ ಸಂದಿಯಿಂದ ಅದು ದೂಳನ್ನು ಒಳಕ್ಕೇ ನುಗ್ಗಿಸುತ್ತದೆ. ಕ್ಯಾಮೆರಾದ ಮೇಲೆ ಐಪಿ66 ಎಂದು ಬರೆದಿದೆಯಲ್ಲ ಎಂದು ಕೇಳುವವರಿದ್ದಾರೆ. ಆ ಗುರುತಿನ ಮೊದಲ ಅಂಕಿ ದೂಳು ಒಳಗೆ ಹೋಗದೆಂಬುದನ್ನೂ ಎರಡನೆಯದು ನೀರಿನ ಧಾರೆಯನ್ನು ತಡೆಯುವುದನ್ನೂ ಹೇಳುತ್ತದೆ, ಆದರೆ ಅದು ಗ್ಯಾಸ್ಕೆಟ್ ಸರಿಯಾಗಿ ಕೂತಿರುವವರೆಗಿನ ಮಾತು.

ದೂಳು ಇಳಿದ ಮೇಲೆ ಮೈಕ್ರೋಫೈಬರ್ ಬಟ್ಟೆಯ ಸರದಿ. ಬಟ್ಟೆಯನ್ನು ತೇವ ಮಾಡಬೇಕೇ ಹೊರತು ದ್ರವವನ್ನು ನೇರವಾಗಿ ಕ್ಯಾಮೆರಾದ ಮೇಲೆ ಸಿಂಪಡಿಸಬಾರದು. ನಡುವಿನಿಂದ ಅಂಚಿನ ಕಡೆಗೆ, ಮಗುವಿನ ಕಣ್ಣು ಒರೆಸುವಷ್ಟು ಹಗುರವಾಗಿ ಸುತ್ತುತ್ತ ಬರಬೇಕು. ಒಮ್ಮೆ ಒರೆಸಿದ ಮಗ್ಗುಲನ್ನು ಮತ್ತೆ ಬಳಸದೆ ಬಟ್ಟೆಯನ್ನು ಮಡಿಚಿ ಹೊಸ ಮಗ್ಗುಲು ತೆಗೆಯಬೇಕು, ಮೊದಲ ಸುತ್ತಿನಲ್ಲಿ ಬಟ್ಟೆಗೆ ಅಂಟಿದ ಕಣವೇ ಎರಡನೆಯ ಸುತ್ತಿನಲ್ಲಿ ಗೀರುವುದರಿಂದ. ಕೊಳವೆಯಾಕಾರದ ಬುಲೆಟ್ ಕ್ಯಾಮೆರಾದ ಮುಂಭಾಗ ಗಾಜಿನದಾಗಿದ್ದು ಎಣ್ಣೆ ಜಿಡ್ಡು ಹಿಡಿದಿದ್ದರೆ ತುಸು ಐಸೊಪ್ರೊಪೈಲ್ ಆಲ್ಕೋಹಾಲ್ ಬಳಸಬಹುದು. ಪ್ಲಾಸ್ಟಿಕ್ ಡೋಮಿಗೆ ಅದು ಬೇಡ, ಅಕ್ರಿಲಿಕ್ ಆಗಿದ್ದರಂತೂ ಕೂದಲೆಳೆಯಂಥ ಬಿರುಕು ಬಿಡುತ್ತದೆ. ಥಿನ್ನರ್, ಪೆಟ್ರೋಲ್, ಅಮೋನಿಯ ಬೆರೆತ ಗಾಜು ಒರೆಸುವ ದ್ರವಗಳನ್ನು ಅದರ ಹತ್ತಿರವೂ ತರಬಾರದು. ಡೋಮಿಗೆ ಒಂದೆರಡು ಹನಿ ಸೌಮ್ಯ ಸೋಪು ಬೆರೆಸಿದ ನೀರು ಸಾಕು. ಆ ನೀರು ಬೋರ್‌ವೆಲ್ಲಿನದಾಗದಿರಲಿ. ನಮ್ಮ ಕಡೆಯ ಗಡಸು ನೀರು ಕೊಡದ ಮೇಲೆ ಬಿಡುವಂಥ ಬಿಳಿ ಕಲೆಯನ್ನೇ ಡೋಮಿನ ಮೇಲೂ ಬಿಡುತ್ತದೆ, ಅದನ್ನು ತೆಗೆಯಲು ಹೋಗಿ ಮತ್ತೆ ಉಜ್ಜುವಂತಾಗುತ್ತದೆ. ಬ್ಯಾಟರಿ ಅಂಗಡಿಯಲ್ಲಿ ಸಿಗುವ ಡಿಸ್ಟಿಲ್ಡ್ ವಾಟರ್ ಹೆಚ್ಚು ದುಬಾರಿಯೇನಲ್ಲ.

ಹೊತ್ತನ್ನೂ ನೋಡಬೇಕು. ಏಪ್ರಿಲ್ ತಿಂಗಳ ಮಧ್ಯಾಹ್ನ ಕಾದ ಗಾಜಿಗೆ ತೇವ ತಾಗಿಸಿದರೆ ಅದು ಒರೆಸುವ ಮುನ್ನವೇ ಆರಿ ಗುರುತು ಬಿಡುತ್ತದೆ. ಬಿಸಿಲೇರುವ ಮುಂಚೆ ಮಾಡುವುದೇ ಲೇಸು. ಚಳಿಗಾಲದ ಮುಂಜಾವಿನಲ್ಲಿ ಇಬ್ಬನಿ ಬಿದ್ದು ದೂಳು ಹಪ್ಪಳದಂತೆ ಗಟ್ಟಿ ಕಟ್ಟಿದ್ದರೆ ಅದನ್ನು ಕೆರೆಯದೆ, ಒದ್ದೆ ಬಟ್ಟೆಯನ್ನು ಕೆಲವು ನಿಮಿಷ ಅದರ ಮೇಲಿಟ್ಟು ನೆನೆಸಿ ಬಿಡಿಸಬೇಕು. ಮಂಜು ಡೋಮಿನ ಒಳಗೇ ಕಟ್ಟಿದ್ದರೆ ಯಾರ್ಡಿನಲ್ಲಿ ನಿಂತು ಬಿಚ್ಚಬಾರದು, ಒಳಗಿನ ಒಂದು ಹಿಡಿ ತೇವ ತೆಗೆಯಲು ಹೋಗಿ ಹೊರಗಿನ ದೂಳನ್ನೆಲ್ಲ ಆಹ್ವಾನಿಸಿದಂತಾಗುತ್ತದೆ. ಒಳಗೆ ತಂದು ಬಿಚ್ಚಿ, ತೇವ ಹೀರುವ ಸಿಲಿಕಾ ಜೆಲ್ ಪೊಟ್ಟಣ ಬದಲಿಸಿ, ಲೆನ್ಸಿನ ಸುತ್ತಲಿನ ಫೋಮ್ ಉಂಗುರ ಡೋಮಿಗೆ ಒತ್ತಿ ಕೂತಿದೆಯೇ ಎಂದು ನೋಡಿಯೇ ಮುಚ್ಚಬೇಕು. ಆ ಉಂಗುರ ತುಸು ಜರುಗಿದ್ದರೂ ಎಲ್‌ಇಡಿಯ ಬೆಳಕು ಒಳಗಿಂದೊಳಗೇ ಲೆನ್ಸಿಗೆ ಸೋರಿ, ಗಾಜು ಎಷ್ಟು ಶುಭ್ರವಾಗಿದ್ದರೂ ರಾತ್ರಿಯ ಚಿತ್ರ ಬಿಳಿಚಿಕೊಂಡಿರುತ್ತದೆ.

ಇದನ್ನೆಲ್ಲ ಮಾಡುವವನ ಬಗ್ಗೆಯೂ ಹೇಳಲೇಬೇಕು. ಕ್ಯಾಮೆರಾ ಒರೆಸಲು ಏಣಿ ಹತ್ತುವವನು ಬಹುಪಾಲು ಹೌಸ್‌ಕೀಪಿಂಗ್ ಗುತ್ತಿಗೆಯ ಹುಡುಗ. ಒಂದು ಕೈಯಲ್ಲಿ ಕಂಬ, ಇನ್ನೊಂದರಲ್ಲಿ ಬಟ್ಟೆ, ಕೆಳಗೆ ಏಣಿ ಹಿಡಿಯುವವರಿರುವುದಿಲ್ಲ, ಸೊಂಟಕ್ಕೆ ಬೆಲ್ಟಿಲ್ಲ, ಮೂಗಿಗೆ ಕರವಸ್ತ್ರ. ಎತ್ತರದಿಂದ ಬೀಳುವ ಸಂಭವವಿರುವ ಕಡೆ ಬೇಲಿಯ ಅಥವಾ ಬೇರೆ ರಕ್ಷಣೆಯ ಏರ್ಪಾಡು ಇರಬೇಕೆಂಬ ಮಾತು 1948ರ ಕಾರ್ಖಾನೆ ಕಾಯ್ದೆಯಲ್ಲೇ ಬಂದಿತ್ತು. ಬೆಣಚಿನ ಸೂಕ್ಷ್ಮ ದೂಳು ಶ್ವಾಸಕೋಶದಲ್ಲಿ ಕೂತು ಸಿಲಿಕೋಸಿಸ್ ಎಂಬ ಕಾಯಿಲೆ ತರುತ್ತದೆ, ಅದಕ್ಕೆ ವಾಸಿಮಾಡುವ ಔಷಧವಿಲ್ಲ. ಕಂಪ್ರೆಸರ್ ಗಾಳಿಯಿಂದ ದೂಳೆಬ್ಬಿಸುವ ಪದ್ಧತಿಯನ್ನು ನಾನು ವಿರೋಧಿಸಲು ಕ್ಯಾಮೆರಾಕ್ಕಿಂತ ದೊಡ್ಡ ಕಾರಣ ಅದು: ಆ ದೂಳು ಮೊದಲು ಹೋಗುವುದು ಏಣಿಯ ಮೇಲಿರುವವನ ಉಸಿರಿಗೆ.

ಬಳ್ಳಾರಿ ಸೀಮೆಯಲ್ಲಿ ಈ ಕ್ಯಾಮೆರಾಗಳ ಮಾತಿಗೆ ಬೇರೆಡೆಗಿಂತ ಹೆಚ್ಚಿನ ತೂಕವಿದೆ. ಅಕ್ರಮ ಗಣಿಗಾರಿಕೆಯ ಬಗ್ಗೆ ಲೋಕಾಯುಕ್ತ ವರದಿ ಬಂದ 2011ರ ಜುಲೈನಲ್ಲಿಯೇ ಸುಪ್ರೀಂ ಕೋರ್ಟ್ ಬಳ್ಳಾರಿ ಜಿಲ್ಲೆಯ ಗಣಿಗಾರಿಕೆಯನ್ನು ನಿಲ್ಲಿಸಿತು. 2013ರ ಏಪ್ರಿಲ್‌ನ ತೀರ್ಪು ಗಣಿಗಳನ್ನು ವರ್ಗಗಳಾಗಿ ವಿಂಗಡಿಸಿ, ಷರತ್ತುಗಳೊಂದಿಗೆ ದಾರಿ ತೆರೆಯಿತು. ಯಾವ ಲಾರಿ, ಎಷ್ಟು ಟನ್, ಎಷ್ಟು ಹೊತ್ತಿಗೆ ಎಂಬ ಪ್ರಶ್ನೆಗಳ ಹಿಂದೆ ನಮ್ಮ ಊರುಗಳ ಇಷ್ಟು ದೊಡ್ಡ ನೋವಿನ ಕಥೆಯಿದೆ. ಸಾರ್ವಜನಿಕರು ಹೆಚ್ಚಾಗಿ ಸೇರುವ ಸ್ಥಳಗಳಲ್ಲಿ ಕ್ಯಾಮೆರಾ ಇರಬೇಕು, 30 ದಿನಗಳ ದೃಶ್ಯ ಉಳಿಸಿಕೊಂಡಿರಬೇಕು ಎಂದು ರಾಜ್ಯದ 2017ರ ಸಾರ್ವಜನಿಕ ಸುರಕ್ಷತಾ ಕಾಯ್ದೆಯೂ ಹೇಳುತ್ತದೆ. ಮೂವತ್ತು ದಿನಗಳ ಬಿಳಿ ಮಂಜನ್ನು ಉಳಿಸಿಕೊಂಡು ಯಾರಿಗೆ ಏನು ಸಿಕ್ಕೀತು?

ಆದ್ದರಿಂದ ನನ್ನ ಬೇಡಿಕೆ ಇಷ್ಟು. ಕ್ಯಾಮೆರಾಗಳ ವಾರ್ಷಿಕ ನಿರ್ವಹಣಾ ಗುತ್ತಿಗೆಯಲ್ಲಿ ದೃಶ್ಯ ರೆಕಾರ್ಡ್ ಮಾಡುವ ಡಿವಿಆರ್, ಕೇಬಲ್, ಪವರ್ ಸಪ್ಲೈಗಳ ಹೆಸರಿರುತ್ತದೆ. ಗಾಜಿನ ಶುಚಿಯ ಹೆಸರೇ ಇರುವುದಿಲ್ಲ, ಅದು ಹೌಸ್‌ಕೀಪಿಂಗಿನವರ ಪಾಲಿಗೆ ಬೀಳುತ್ತದೆ. ಅದನ್ನು ಗುತ್ತಿಗೆಯೊಳಗೆ ಪ್ರತ್ಯೇಕ ಕೆಲಸವಾಗಿ ಬರೆದು, ಬೇಕಾದ ಬಟ್ಟೆ, ಬ್ಲೋವರ್, ಬೆಲ್ಟ್, ಮಾಸ್ಕ್‌ಗಳಿಗೆ ಹಣ ಇಡಬೇಕು. ಒರೆಸುವವನು ಯಾರೇ ಆಗಿರಲಿ, ಅವನಿಗೆ ಅರ್ಧ ದಿನ ಕೈಹಿಡಿದು ಕಲಿಸಬೇಕು. ಎಷ್ಟು ದಿನಕ್ಕೊಮ್ಮೆ ಎಂಬುದನ್ನು ಎಲ್ಲ ಕಡೆಗೂ ಒಂದೇ ಎಂದು ಹೇಳಲಾಗದು. ಕ್ರಷರ್ ಬಾಯಿಯ ಕ್ಯಾಮೆರಾಕ್ಕೆ ವಾರವೂ ಹೆಚ್ಚಾದೀತು, ಕಚೇರಿ ಗೇಟಿನದಕ್ಕೆ ತಿಂಗಳು ನಡೆದೀತು. ಅದನ್ನು ತೀರ್ಮಾನಿಸಲು ನಾನು ಈಗ ನೋಡಿಕೊಳ್ಳುವ ಕಡೆಗಳಲ್ಲಿ ಒಂದು ಪದ್ಧತಿ ಇಟ್ಟುಕೊಂಡಿದ್ದೇನೆ: ಕ್ಯಾಮೆರಾ ಹಾಕಿದ ಮೊದಲ ರಾತ್ರಿಯ ಒಂದು ಚಿತ್ರವನ್ನು ತೆಗೆದು ಸೆಕ್ಯುರಿಟಿ ಕೋಣೆಯ ಗೋಡೆಗೆ ಅಂಟಿಸುವುದು, ಪ್ರತಿ ಸೋಮವಾರ ರಾತ್ರಿ ಪಾಳಿಯವರು ಪರದೆಯ ಚಿತ್ರವನ್ನು ಅದರೊಂದಿಗೆ ಹೋಲಿಸಿ ನೋಡುವುದು. ಗೋಡೆಯ ಚಿತ್ರದಲ್ಲಿ ಓದಬಹುದಾದ ನಂಬರ್ ಪ್ಲೇಟು ಪರದೆಯಲ್ಲಿ ಓದಲಾಗದಿದ್ದರೆ, ಮರುದಿನ ಬೆಳಿಗ್ಗೆ ಬಿಸಿಲೇರುವ ಮುಂಚೆ ಏಣಿ ಹಾಕುತ್ತಾರೆ, ಒಬ್ಬರು ಕೆಳಗೆ ಹಿಡಿದು ನಿಲ್ಲುತ್ತಾರೆ.

ಇತಿ ತಮ್ಮ ವಿಶ್ವಾಸಿ,
ಸಿಸಿಟಿವಿ ನಿರ್ವಹಣಾ ತಂತ್ರಜ್ಞ, ಹೊಸಪೇಟೆ