ಇಲಿ ತಿರುಗೋ ಮ್ಯೂಸಿಯಂ ಮತ್ತೆ ನಮ್ಮ ಪ್ಲೇಗ್ ಕಥೆ

ಸಂಪಾದಕರಿಗೆ ನಮಸ್ಕಾರ,

ಮಲ್ಲೇಶ್ವರದಲ್ಲಿ ಇನ್ನೊಂದು ಹಳೇ ಮನೆ ಒಡೀತಾ ಇದ್ದಾರೆ ಅಂತ ಮೊನ್ನೆ ನಿಮ್ಮ ಪೇಪರ್‌ನಲ್ಲಿ ಓದಿದೆ. ಮನೆ ಬಗ್ಗೆ ನಂದೇನೂ ತಕರಾರಿಲ್ಲ, ಅವರವರ ಆಸ್ತಿ ಅವರವರ ಇಷ್ಟ, ಹತ್ತು ಜನ ಅಣ್ಣತಮ್ಮಂದಿರು ಪಾಲು ಮಾಡ್ಕೋಬೇಕು ಅಂದ್ರೆ ಒಡೀದೆ ಇನ್ನೇನ್ ಮಾಡ್ತಾರೆ. ಆದ್ರೆ ಆ ಏರಿಯಾನೇ ಯಾಕೆ ಹುಟ್ತು ಅನ್ನೋದು ಅಲ್ಲಿ ಓಡಾಡೋ ಎಷ್ಟು ಹುಡುಗರಿಗೆ ಗೊತ್ತು ಅಂತ ಯೋಚನೆ ಬಂತು. ಅದಕ್ಕೆ ಕಾರಣ ಈ ವರ್ಷ ನಾನು ನೋಡ್ಕೊಂಡು ಬಂದ ಒಂದು ಪುಟಾಣಿ ಮ್ಯೂಸಿಯಂ, ಅದೂ ನಮ್ಮ ದೇಶದ್ದಲ್ಲ.

ಮಗ ಸೊಸೆ ಇರೋದು ಇಂಗ್ಲೆಂಡಿನ ಶೆಫೀಲ್ಡ್‌ನಲ್ಲಿ. ಮೊಮ್ಮಗು ನೋಡ್ಕೊಳ್ಳೋಕೆ ಅಂತ ನಾವಿಬ್ರೂ ಹೋಗಿದ್ವಿ, ನಿಜ ಹೇಳ್ಬೇಕು ಅಂದ್ರೆ ನೋಡ್ಕೊಂಡಿದ್ದು ನಮ್ಮನೆಯವಳು, ನಾನು ಬರೀ ಟೀ ಕುಡ್ಕೊಂಡು ಕಿಟಕಿ ಹೊರಗೆ ಮಳೆ ನೋಡ್ತಿದ್ದೆ. ಒಂದು ಶನಿವಾರ ಮಗ ಕಾರಲ್ಲಿ ಕೂರಿಸ್ಕೊಂಡು ಡರ್ಬಿಶೈರ್ ಬೆಟ್ಟಗಳ ಮಧ್ಯೆ ಇರೋ ಒಂದು ಹಳ್ಳಿಗೆ ಕರ್ಕೊಂಡು ಹೋದ. ಬೋರ್ಡ್ ನೋಡಿ ನಾನು 'ಇಯಾಮ್' ಅಂತ ಓದಿದೆ, 'ಅಪ್ಪಾ ಅದು ಈಮ್' ಅಂತ ನಕ್ಕ. ಅಲ್ಲಿ ಹಳೇ ಮೆಥಡಿಸ್ಟ್ ಪ್ರಾರ್ಥನಾ ಮಂದಿರ ಒಂದಿದೆ, ಅದೇ ಈಗ ಮ್ಯೂಸಿಯಂ. ಚರ್ಚುಗಳ ಮೇಲೆ ಗಾಳಿ ದಿಕ್ಕು ತೋರ್ಸೋಕೆ ಹುಂಜದ ಗೊಂಬೆ ಇರುತ್ತಲ್ಲ, ಇದರ ಮೇಲೆ ಹುಂಜದ ಬದಲು ಇಲಿ ತಿರುಗ್ತಾ ಇತ್ತು. ಅದನ್ನ ನೋಡಿದ ತಕ್ಷಣ ನಂಗೆ ನಮ್ಮಜ್ಜಿ ನೆನಪಾದ್ಲು, ಯಾಕೆ ಅಂತ ಆಮೇಲೆ ಹೇಳ್ತೀನಿ.

ಈ ಮ್ಯೂಸಿಯಂನ ನಡೆಸೋದು ಊರೋರೇ, ವಾಲಂಟಿಯರ್‌ಗಳು. ಟಿಕೆಟ್ ಕೊಡೋದು, ಸಣ್ಣ ಅಂಗಡೀಲಿ ಪುಸ್ತಕ ಮಾರೋದು, ಬಂದೋರಿಗೆ ವಿವರಿಸೋದು, ಇದೆಲ್ಲಾ ಪಾಳಿ ಹಾಕ್ಕೊಂಡು ಮಾಡ್ತಾರೆ, ಚಳಿಗಾಲದಲ್ಲಿ ಬಾಗಿಲು ಹಾಕ್ತಾರೆ. ಶುರುವಾಗಿದ್ದೂ ಹಾಗೇನೇ, ಆ ಊರಿನ ಕ್ಲಾರೆನ್ಸ್ ಡೇನಿಯಲ್ ಅನ್ನೋರು ಜೀವಮಾನ ಪೂರ್ತಿ ಊರಿನ ಹಳೇ ಸಾಮಾನು ಕಾಗದ ಪತ್ರ ಕಲ್ಲು ಮಣ್ಣು ಸೇರಿಸ್ತಾ ಹೋಗಿ ಮನೇಲೇ ಇಟ್ಕೊಂಡಿದ್ರಂತೆ, ಅವರು ಹೋದ್ಮೇಲೆ ಅದನ್ನ ಗುಜರಿಗೆ ಹಾಕ್ದೆ ಊರೋರು ಸೇರಿ 1994ರಲ್ಲಿ ಮ್ಯೂಸಿಯಂ ಮಾಡಿದ್ರು. ಸೀಸದ ಗಣಿ, ನೇಯ್ಗೆ, ಬೂಟ್ ಫ್ಯಾಕ್ಟರಿ ಅಂತ ಬೇರೆ ವಿಷಯಾನೂ ಇದೆ, ನಾನು ಅದನ್ನ ಅಷ್ಟು ನೋಡ್ಲಿಲ್ಲ. ಜನ ಬರೋದು ಪ್ಲೇಗ್ ಕಥೆಗೆ.

1665ರಲ್ಲಿ ಲಂಡನ್‌ನಲ್ಲಿ ಪ್ಲೇಗ್ ಇದ್ದಾಗ ಈ ಹಳ್ಳಿಯ ದರ್ಜಿ ಮನೆಗೆ ಅಲ್ಲಿಂದ ಒಂದು ಬಟ್ಟೆ ಗಂಟು ಬಂತು. ಒದ್ದೆಯಾಗಿತ್ತು ಅಂತ ಅವನ ಕೈಕೆಳಗಿದ್ದ ಜಾರ್ಜ್ ವಿಕರ್ಸ್ ಅನ್ನೋನು ಬೆಂಕಿ ಮುಂದೆ ಹರಡಿ ಒಣಗಿಸಿದ, ಅದರಲ್ಲಿದ್ದ ಚಿಗಟಗಳಿಂದ ರೋಗ ಹತ್ತಿ ಸೆಪ್ಟೆಂಬರ್ 7ಕ್ಕೆ ಸತ್ತೇಬಿಟ್ಟ. ಅಲ್ಲಿಂದ 1666ರ ನವೆಂಬರ್ ತನಕ, ಒಟ್ಟು ಹದಿನಾಲ್ಕು ತಿಂಗಳಲ್ಲಿ ಆ ಪುಟ್ಟ ಹಳ್ಳೀಲಿ 260 ಜನ ಹೋದ್ರು. ಮಧ್ಯದಲ್ಲಿ, ಅಂದ್ರೆ 1666ರ ಜೂನ್‌ನಲ್ಲಿ, ಪಾದ್ರಿ ವಿಲಿಯಂ ಮಾಂಪೆಸನ್ ಮತ್ತೆ ಅವರಿಗಿಂತ ಮುಂಚೆ ಅಲ್ಲಿ ಪಾದ್ರಿಯಾಗಿದ್ದು ಕೆಲಸ ಕಳ್ಕೊಂಡಿದ್ದ ಥಾಮಸ್ ಸ್ಟ್ಯಾನ್ಲಿ ಇಬ್ರೂ, ಒಬ್ಬರಿಗೊಬ್ಬರು ಆಗದೋರು, ಸೇರ್ಕೊಂಡು ಊರೋರನ್ನ ಒಪ್ಪಿಸಿದ್ರು: ಯಾರೂ ಊರಿಂದ ಹೊರಗೆ ಹೋಗಬಾರದು, ಸತ್ರೆ ಇಲ್ಲೇ ಸಾಯೋಣ, ಪಕ್ಕದ ಊರಿಗೆ ಹಂಚೋದು ಬೇಡ ಅಂತ. ಚರ್ಚಿಗೆ ಬೀಗ, ಪ್ರಾರ್ಥನೆ ಬಯಲಲ್ಲಿ ದೂರ ದೂರ ನಿಂತು. ನಮ್ಗೆ 2020ರಲ್ಲಿ ಹೇಳಿಕೊಟ್ಟಿದ್ದು ಇದೇ ತಾನೆ! ಹತ್ರದಲ್ಲೇ ಇದ್ದ ಜಮೀನ್ದಾರ ಅರ್ಲ್ ಆಫ್ ಡೆವನ್‌ಶೈರ್ ದವಸ ಕಳಿಸ್ತಿದ್ದ, ಹೊರಗಿನೋರು ಊರ ಗಡಿ ಹತ್ರ ಸಾಮಾನು ಇಟ್ಟು ಹೋಗ್ತಿದ್ರು, ದುಡ್ಡಿಂದ ರೋಗ ಹತ್ತದಿರ್ಲಿ ಅಂತ ಊರೋರು ಅದನ್ನ ಗಡಿ ಕಲ್ಲಿನ ತೂತಲ್ಲಿ ವಿನೆಗರ್ ಹಾಕಿ ಅದರಲ್ಲಿ ಬಿಡ್ತಿದ್ರು. ಆ ಕಲ್ಲು ಈಗಲೂ ಇದೆ, ತೂತಿಗೆ ಬೆರಳು ಹಾಕಿ ನೋಡಿದೆ, ನುಣ್ಣಗೆ ಸವೆದು ಹೋಗಿದೆ.

ಹೆಣ ಹೂಳೋದು ಮನೆಯೋರದ್ದೇ ಕೆಲಸ. ಎಲಿಜಬೆತ್ ಹ್ಯಾನ್‌ಕಾಕ್ ಅನ್ನೋ ಹೆಂಗಸು ಆಗಸ್ಟ್ ತಿಂಗಳಲ್ಲಿ ಎಂಟು ದಿನದಲ್ಲಿ ಗಂಡನ್ನೂ ಆರು ಮಕ್ಕಳನ್ನೂ ಒಬ್ಬಳೇ ಎಳ್ಕೊಂಡು ಹೋಗಿ ಹೊಲದಲ್ಲಿ ಮಣ್ಣು ಮಾಡಿದ್ಲು. ಆ ಸಮಾಧಿಗಳು ಊರ ಹೊರಗಡೆ ಒಂದು ಗುಡ್ಡದ ಮೇಲಿವೆ, ಸುತ್ತ ಕುರಿ ಮೇಯ್ತಾ ಇರ್ತಾವೆ. ನಮ್ಮನೆಯವಳು ಅಲ್ಲಿ ನಿಂತು ಒಂದೂ ಮಾತಾಡ್ಲಿಲ್ಲ, ಅವಳು ಮಾತಾಡದೆ ಇರೋದು ಅಪರೂಪ. ಇನ್ನೊಂದು ವಿಷಯ, ಆ ಪಾದ್ರಿ ಮಾಂಪೆಸನ್ ತನ್ನಿಬ್ಬರು ಮಕ್ಕಳನ್ನ ಗಡಿ ಮುಚ್ಚೋಕೆ ಮುಂಚೇನೇ ಹೊರಗಡೆ ಕಳಿಸಿಬಿಟ್ಟಿದ್ದ. ದೊಡ್ಡವರ ಮನೆ ಲೆಕ್ಕ ಎಲ್ಲಾ ಕಡೆ ಒಂದೇ ಅಂತ ಅಂದ್ಕೊಂಡೆ, ಆದ್ರೆ ಅವನ ಹೆಂಡತಿ ಕ್ಯಾಥರಿನ್ ಹೋಗ್ಲಿಲ್ಲ, ಅಲ್ಲೇ ಇದ್ದು ಅಲ್ಲೇ ಸತ್ಲು, ಸಮಾಧಿ ಚರ್ಚ್ ಅಂಗಳದಲ್ಲಿದೆ. ಅದನ್ನ ನೋಡಿದ್ಮೇಲೆ ಬೈಯ್ಯೋಕೆ ಮನಸ್ಸಾಗ್ಲಿಲ್ಲ.

ಹೊರಗೆ ಬರುವಾಗ ಕೌಂಟರ್‌ನಲ್ಲಿ ಕೂತಿದ್ದ ವಾಲಂಟಿಯರ್ ಅಮ್ಮ, ಎಪ್ಪತ್ತೈದರ ಮೇಲೇನೇ ಇರ್ಬೇಕು, ಎಲ್ಲಿಂದ ಬಂದ್ರಿ ಅಂತ ಕೇಳಿದ್ರು. ಬೆಂಗಳೂರು ಅಂದೆ. 'ನಿಮ್ಮಲ್ಲೂ ಪ್ಲೇಗ್ ಬಂದಿತ್ತಾ?' ಅಂದ್ರು. ಅಷ್ಟು ಸಾಕಾಯ್ತು ನಂಗೆ.

ನಮ್ಮಜ್ಜಿ ಊರು ಕುಣಿಗಲ್ ಕಡೆ. ಅವಳು ಚಿಕ್ಕವಳಿದ್ದಾಗ 'ಇಲಿ ಬಿತ್ತು' ಅನ್ನೋ ಮಾತಿಗೆ ಒಂದೇ ಅರ್ಥ. ಅಟ್ಟದಿಂದ ಸತ್ತ ಇಲಿ ಬಿತ್ತು ಅಂದ್ರೆ ಆ ದಿನವೇ ಊರು ಬಿಡ್ಬೇಕು. ದನ ಕರು, ರಾಗಿ ಮೂಟೆ, ದೇವರ ಪೆಟ್ಟಿಗೆ, ಬೀಸೋ ಕಲ್ಲು ಎಲ್ಲಾ ಗಾಡಿಗೆ ಹಾಕ್ಕೊಂಡು ಹೊಲಕ್ಕೆ ಹೋಗಿ ಗರಿ ಹೊದಿಸಿದ ಗುಡಿಸಲಲ್ಲಿ ತಿಂಗಳುಗಟ್ಟಲೆ ಇರೋದು. ಗಡ್ಡೆ ಬಂದೋರನ್ನ ಬೇರೆ ಗುಡಿಸಲಲ್ಲಿ ಇಡೋದು. ಒಲೆ ಹೂಡಿದ್ದು ಮರದ ಕೆಳಗೆ, ಮಕ್ಕಳಿಗೆ ಸ್ಕೂಲಿಲ್ಲ ಅಂತ ಖುಷಿ, ದೊಡ್ಡೋರು ರಾತ್ರಿ ಪೂರ್ತಿ ತೊಡೆ ಸಂದು ಕಂಕುಳು ಮುಟ್ಟಿ ಮುಟ್ಟಿ ನೋಡ್ಕೊಳ್ತಿದ್ರಂತೆ. ಸೂಜಿ ಹಾಕೋರು ಬರ್ತಾರೆ ಅಂದ್ರೆ ಇವರು ಹುಣಸೆ ಮರ ಹತ್ತಿ ಕೂರ್ತಿದ್ರು. ವಾಪಸ್ ಬಂದ ದಿನ ಮನೆಗೆ ಸುಣ್ಣ ಬಳಿದು, ಮಾರಮ್ಮನಿಗೆ ತಂಬಿಟ್ಟಿನಾರತಿ ಎತ್ತಿ ಆಮೇಲೇನೇ ಒಲೆ ಹಚ್ಚೋದು.

ಆ ಅಮ್ಮನಿಗೆ ನನ್ನ ಹರಕು ಇಂಗ್ಲಿಷ್‌ನಲ್ಲಿ ಇಷ್ಟೂ ಹೇಳಿದೆ, ತಂಬಿಟ್ಟು ಅಂದ್ರೇನು ಅಂತ ಹೇಳೋದು ಕಷ್ಟ ಆಯ್ತು. 'ನಮ್ಮೋರು ಒಳಗೇ ಉಳಿದ್ರು, ನಿಮ್ಮೋರು ಹೊರಗೆ ಹೋದ್ರು' ಅಂದ್ರು ಅವರು. ಅದನ್ನೇ ದಾರಿ ಪೂರ್ತಿ ಯೋಚನೆ ಮಾಡ್ದೆ. ಇಲಿ ಮೇಲಿನ ಚಿಗಟದಿಂದ ಈ ರೋಗ ಬರುತ್ತೆ ಅಂತ ಪಾಲ್ ಲೂಯಿ ಸಿಮೋಂ ಅನ್ನೋ ಫ್ರೆಂಚ್ ಡಾಕ್ಟರು ಕರಾಚಿಯಲ್ಲಿ ಕಂಡ್ಕೊಂಡಿದ್ದು 1898ರಲ್ಲಿ, ಆಮೇಲೂ ಅದನ್ನ ಎಲ್ರೂ ಒಪ್ಪೋಕೆ ಎಷ್ಟೋ ವರ್ಷ ಬೇಕಾಯ್ತು. ಈಮ್ ಜನ ಪಕ್ಕದ ಊರುಗಳನ್ನ ಉಳಿಸಿದ್ರು ನಿಜ, ಆದ್ರೆ ಇಲಿ ಇದ್ದ ಮನೇಲೇ ಬಾಗಿಲು ಹಾಕ್ಕೊಂಡು ಕೂತಿದ್ರು. ನಮ್ಮಜ್ಜಿ ಊರೋರು ಯಾವ ಪುಸ್ತಕಾನೂ ಓದ್ದೆ ಇಲಿಯಿಂದ ದೂರ ಹೋದ್ರು, ಹಾಗಂತ ಇನ್ನೊಂದು ಊರಿಗೂ ಹೋಗ್ಲಿಲ್ಲ, ತಮ್ಮ ಹೊಲದಲ್ಲೇ ಇದ್ರು. ಯಾರದ್ದು ಜಾಣತನ ಅಂತ ಪಂದ್ಯ ಕಟ್ಟೋಕೆ ಹೇಳ್ತಿಲ್ಲ, ಆದ್ರೆ ಅವರ ಕಥೆಗೆ ಮ್ಯೂಸಿಯಂ ಇದೆ, ನಮ್ಮ ಕಥೆ ಅಜ್ಜಿ ಜೊತೆ ಹೋಯ್ತು.

ಬೆಂಗಳೂರಿಗೆ ಪ್ಲೇಗ್ ಬಂದಿದ್ದು 1898ರ ಆಗಸ್ಟ್‌ನಲ್ಲಿ, ಹುಬ್ಬಳ್ಳಿ ಕಡೆಯಿಂದ ರೈಲಲ್ಲಿ ಬಂತು ಅಂತಾರೆ. ಪೇಟೆ ಒಳಗೆ ಒತ್ತೊತ್ತಾಗಿದ್ದ ಮನೆಗಳಲ್ಲಿ ಜನ ಸಾಯ್ತಿದ್ದಾಗ ಗಾಳಿ ಬೆಳಕು ಇರೋ ಕಡೆ ಹೊಸ ಬಡಾವಣೆ ಬೇಕು ಅಂತ ಮಾಡಿದ್ದೇ ಮಲ್ಲೇಶ್ವರಂ ಮತ್ತೆ ಬಸವನಗುಡಿ. ಆ ನೇರ ಕ್ರಾಸ್‌ಗಳು, ಮನೆ ಹಿಂದಿನ ಕನ್ಸರ್ವೆನ್ಸಿ ಗಲ್ಲಿ, ಅಂದ್ರೆ ಕಸ ಕಕ್ಕಸು ತೆಗೆಯೋರು ಓಡಾಡೋಕೆ ಬಿಟ್ಟಿದ್ದ ಸಂದಿ, ಇದೆಲ್ಲಾ ಪ್ಲೇಗ್ ಭಯದಲ್ಲಿ ಹಾಕಿದ ಗೆರೆಗಳು. ನಾವು ಈಗ ಆ ಗಲ್ಲೀಲಿ ಬೈಕ್ ನಿಲ್ಲಿಸ್ತೀವಿ. 1897ರಲ್ಲಿ ಮಾಡಿದ ಎಪಿಡೆಮಿಕ್ ಕಾಯ್ದೆಯನ್ನೇ ಕೊರೊನಾದಲ್ಲೂ ಹೊರಗೆ ತೆಗೆದ್ರು, ಅಷ್ಟು ಹತ್ರದ ವಿಷಯ ಇದು. ಪ್ಲೇಗ್ ಮಾರಮ್ಮನ ಗುಡಿಗಳಿವೆ, ಹೂವು ಹಣ್ಣು ತಗೊಂಡು ಹೋಗ್ತೀವಿ, ಅಮ್ಮನಿಗೆ ಆ ಹೆಸರು ಯಾಕೆ ಬಂತು ಅಂತ ಮಕ್ಕಳು ಕೇಳಿದ್ರೆ 'ಹಿಂದೆ ಏನೋ ಕಾಯಿಲೆ' ಅಂತ ಮುಗಿಸ್ತೀವಿ.

ದೊಡ್ಡ ಬಿಲ್ಡಿಂಗ್ ಕಟ್ಟಿ, ಮಂತ್ರಿಗಳು ರಿಬ್ಬನ್ ಕಟ್ ಮಾಡಿ, ಆರು ತಿಂಗಳಾದ್ಮೇಲೆ ಹೋದ್ರೆ 'ಕೀ ಇರೋರು ಊಟಕ್ಕೆ ಹೋಗವ್ರೆ' ಅನ್ನೋ ಥರ ಮ್ಯೂಸಿಯಂ ನಾನು ಕೇಳ್ತಿಲ್ಲ, ಅಂಥದ್ದು ಒಂದೆರಡು ಕಡೆ ನೋಡಿ ವಾಪಸ್ ಬಂದಿದ್ದೀನಿ, ಹೆಸರು ಬೇಡ. ಯಾವುದಾದ್ರೂ ಲೈಬ್ರರಿಯ ಒಂದು ರೂಮು ವಾರಕ್ಕೆರಡು ದಿನ ಸಿಕ್ರೆ ಸಾಕು. ಬೆಳಗ್ಗೆ ಪಾರ್ಕ್‌ನಲ್ಲಿ ನಗೋ ಕ್ಲಬ್ ಮುಗಿಸಿ ಬೆಂಚ್ ಮೇಲೆ ಕೂತು ರಾಜಕೀಯ ಮಾತಾಡೋ ನಮ್ಮಂಥ ರಿಟೈರ್ಡ್ ಜನ ಒಂದೊಂದು ವಾರ್ಡಲ್ಲೂ ನೂರಾರಿದ್ದೀವಿ, ಪಾಳಿ ಹಾಕ್ಕೊಂಡ್ರೆ ತಿಂಗಳಿಗೆ ಒಬ್ಬರಿಗೆ ಒಂದೇ ದಿನ ಬರುತ್ತೆ.

ವಸ್ತು ಎಲ್ಲಿಂದ ತರ್ತೀರಿ ಅಂತ ನನ್ನ ತಮ್ಮ ಕೇಳಿದ. ಕೇಳೋಕೆ ಅವನಿಗೆ ಅಧಿಕಾರ ಇಲ್ಲ, ಅಜ್ಜಿ ಹೊಲಕ್ಕೆ ಹೊತ್ಕೊಂಡು ಹೋಗಿದ್ದ ಕಬ್ಬಿಣದ ಟ್ರಂಕನ್ನ ಗುಜರಿಯವನಿಗೆ ಕೊಟ್ಟೋನು ಅವನೇ, ಅದರ ದುಡ್ಡಲ್ಲಿ ಪ್ಲಾಸ್ಟಿಕ್ ಬಕೆಟ್ ಬಂತು. ಈಮ್ ಮ್ಯೂಸಿಯಂನಲ್ಲೂ ವಸ್ತು ಕಮ್ಮಿ, ಕಥೆ ಜಾಸ್ತಿ. ಯಾವ ಮನೆ, ಯಾರು, ಯಾವ ದಿನ ಸತ್ರು ಅಂತ ಹೆಸರು ಹಿಡಿದು ಗೋಡೆ ಮೇಲೆ ಬರ್ದಿದ್ದಾರೆ, ಊರಲ್ಲಿ ಆ ಮನೆಗಳ ಮುಂದೇನೂ ಬೋರ್ಡಿದೆ. ನಮ್ಮಲ್ಲಿ ಹೆಸರು ಹೇಳೋರು ಇನ್ನೂ ಇದ್ದಾರೆ, ತೊಂಬತ್ತು ದಾಟಿದೋರು, ಅಮ್ಮನ ಬಾಯಲ್ಲಿ ಗುಡಿಸಲ ಕಥೆ ಕೇಳಿದೋರು. ಅವರ ಮುಂದೆ ಮೊಬೈಲ್ ಇಟ್ಟು ರೆಕಾರ್ಡ್ ಒತ್ತೋಕೆ ಸರ್ಕಾರಿ ಆರ್ಡರ್ ಬೇಕಾಗಿಲ್ಲ.

ಅದಕ್ಕೇ ನಿಮ್ಮಲ್ಲಿ ಒಂದು ಕೋರಿಕೆ. ಭಾನುವಾರದ ಪುರವಣಿಯಲ್ಲಿ ಒಂದು ಕಾಲಂ ಬಿಟ್ಟುಕೊಡಿ, ಓದುಗರ ಮನೆಯ ಪ್ಲೇಗ್ ನೆನಪುಗಳಿಗೆ ಅಂತ. ಊರಿನ ಹೆಸರು, ಯಾರು ಹೇಳಿದ್ದು, ಯಾವ ಹೊಲಕ್ಕೆ ಹೋಗಿದ್ರು, ಏನು ತಗೊಂಡು ಹೋದ್ರು, ಇಷ್ಟೇ. ನೂರು ಪತ್ರ ಬಂದ್ರೆ ರೂಮಿನ ಗೋಡೆ ತುಂಬೋಕೆ ಸಾಕು. ಮೊದಲನೇದು ನಂದೇ ಅಂತ ಇಟ್ಕೊಳ್ಳಿ, ಮೇಲೆ ಬರ್ದಿದ್ದೀನಲ್ಲ. ಆ ಅಮ್ಮ ಅಲ್ಲಿನ ವಿಸಿಟರ್ಸ್ ಬುಕ್‌ನಲ್ಲಿ ನಿಮ್ಮ ಭಾಷೇಲೇ ಬರೀರಿ ಅಂದಿದ್ರು, ಕನ್ನಡದಲ್ಲಿ ಎರಡು ಸಾಲು ಅಜ್ಜಿ ವಿಷಯ ಬರ್ದು ಬಂದೆ, ಸದ್ಯಕ್ಕೆ ಅದು ಇರೋದು ಅಲ್ಲಿ ಮಾತ್ರ.

ಪಾಳಿ ಶುರುವಾದ್ರೆ ನಂಗೆ ಗುರುವಾರ ಹಾಕಿ, ಬೇರೆ ದಿನ ಮೊಣಕಾಲಿಗೆ ಫಿಸಿಯೋ ಇದೆ.

ಇತಿ,
ನಿಮ್ಮ ಹಳೇ ಓದುಗ
ಮಲ್ಲೇಶ್ವರಂ, ಬೆಂಗಳೂರು