ಲೂಸಿಟಾನಿಯಾ ಮುಳುಗಿದ್ದು 1915ರಲ್ಲಿ, ಅಮೆರಿಕ ಯುದ್ಧ ಸಾರಿದ್ದು 1917ರಲ್ಲಿ

ಮಾನ್ಯ ಸಂಪಾದಕರೇ,

ಭಾನುವಾರ ನಮ್ಮ ಪುರಭವನದಲ್ಲಿ ನಡೆದ ಅಂತರಕಾಲೇಜು ಚರ್ಚಾಸ್ಪರ್ಧೆಯ ವರದಿಯನ್ನು ತಮ್ಮ ಪತ್ರಿಕೆಯಲ್ಲಿ ಓದಿ ಈ ಪತ್ರ ಬರೆಯುತ್ತಿದ್ದೇನೆ. 'ಲೂಸಿಟಾನಿಯಾ ಹಡಗು ಮುಳುಗಿದ್ದರಿಂದಲೇ ಅಮೆರಿಕ ಮೊದಲ ಮಹಾಯುದ್ಧಕ್ಕೆ ಇಳಿಯಿತು ಎಂಬ ಸಾಮಾನ್ಯ ಸಂಗತಿಯೂ ಈಗಿನ ವಿದ್ಯಾರ್ಥಿಗಳಿಗೆ ತಿಳಿದಿಲ್ಲ' ಎಂದು ತೀರ್ಪುಗಾರರೊಬ್ಬರು ವೇದಿಕೆಯಿಂದ ಆಡಿದ ಮಾತನ್ನು ವರದಿಯಲ್ಲಿ ದಪ್ಪಕ್ಷರಗಳಲ್ಲಿ ಅಚ್ಚು ಹಾಕಲಾಗಿದೆ. ಆ ಮಾತು ಯಾವ ಹುಡುಗಿಯನ್ನು ಉದ್ದೇಶಿಸಿತ್ತೋ ಆಕೆ ಹೇಳಿದ್ದೇ ಸರಿ. ತಪ್ಪು ಹೇಳಿದವರು ತೀರ್ಪುಗಾರರು. ಅಲ್ಲಿಯೇ ಎದ್ದು ನಿಂತು ಇದನ್ನು ತಿಳಿಸಲು ಹೊರಟಾಗ, ಸಭಿಕರು ಮಾತನಾಡುವಂತಿಲ್ಲವೆಂದು ನಿರೂಪಕರು ನನ್ನನ್ನು ಕೂರಿಸಿದರು.

ಅಂದಿನ ವ್ಯವಸ್ಥೆಯೂ ಇದಕ್ಕೆ ತಕ್ಕಂತೆಯೇ ಇತ್ತು. ಆಮಂತ್ರಣದಲ್ಲಿ ಬೆಳಿಗ್ಗೆ ಹತ್ತಕ್ಕೆಂದು ನಮೂದಿಸಿದ್ದ ಕಾರ್ಯಕ್ರಮ ಉದ್ಘಾಟಕರ ದಾರಿ ಕಾಯುತ್ತ ಮಧ್ಯಾಹ್ನಕ್ಕೆ ಆರಂಭವಾಯಿತು. ಸನ್ಮಾನ, ಹಾರ, ಶಾಲುಗಳಿಗೆ ಸಮಯವಿತ್ತು. ಆದರೆ ಮಕ್ಕಳಿಗೆ ಕೊಟ್ಟಿದ್ದ ಐದು ನಿಮಿಷಗಳನ್ನು ಮೂರಕ್ಕೆ ಇಳಿಸಿ ಗಂಟೆ ಬಾರಿಸಲಾಯಿತು. ಫ್ಯಾನು ತಿರುಗಲಿಲ್ಲ, ಕುಡಿಯುವ ನೀರು ಇರಲಿಲ್ಲ, ಮಂಡಿನೋವಿನ ನನ್ನಂಥವರು ಬೆನ್ನು ಮುರಿದ ಪ್ಲಾಸ್ಟಿಕ್ ಕುರ್ಚಿಗಳಲ್ಲಿ ಸಂಜೆಯವರೆಗೆ ಕೂರಬೇಕಾಯಿತು. ಮರುದಿನ ಲಿಖಿತ ಆಕ್ಷೇಪಣೆ ಕೊಡಲು ಆಯೋಜಕ ಇಲಾಖೆಯ ಕಚೇರಿಗೆ ಹೋದರೆ ಸಾಹೇಬರು ಮೀಟಿಂಗ್‌ನಲ್ಲಿದ್ದರು, ಟಪಾಲು ಗುಮಾಸ್ತರು ರಜೆಯಲ್ಲಿದ್ದರು, ಇದ್ದ ಒಬ್ಬರು ಅರ್ಜಿಗೆ ಸ್ವೀಕೃತಿಯ ಮೊಹರು ಹಾಕಲು ಒಪ್ಪಲಿಲ್ಲ. ಆದ್ದರಿಂದ ಹೇಳಬೇಕಾದ್ದನ್ನು ಇಲ್ಲಿಯೇ ಹೇಳುತ್ತೇನೆ.

ಜರ್ಮನಿಯ ಯು-20 ಜಲಾಂತರ್ಗಾಮಿಯು ಐರ್ಲೆಂಡಿನ ದಕ್ಷಿಣ ತೀರದ ಬಳಿ ಲೂಸಿಟಾನಿಯಾವನ್ನು ಮುಳುಗಿಸಿದ್ದು 1915ರ ಮೇ 7ರಂದು. ಸುಮಾರು 1,200 ಜನ ಸತ್ತರು. ಅವರಲ್ಲಿ 128 ಮಂದಿ ಅಮೆರಿಕನ್ನರು. ಅಮೆರಿಕ ಯುದ್ಧ ಸಾರಿದ್ದು 1917ರ ಏಪ್ರಿಲ್ 6ರಂದು. ಈ ನಡುವಿನ ಇಪ್ಪತ್ಮೂರು ತಿಂಗಳನ್ನು ತೀರ್ಪುಗಾರರು ಎಲ್ಲಿಗೆ ಕಳುಹಿಸಿದರು? ಅದೇ ಅವಧಿಯಲ್ಲಿ, 1916ರ ಚುನಾವಣೆಯಲ್ಲಿ, 'ನಮ್ಮನ್ನು ಯುದ್ಧದಿಂದ ದೂರವಿಟ್ಟವರು' ಎಂಬ ಘೋಷಣೆಯೊಂದಿಗೇ ಅಧ್ಯಕ್ಷ ವುಡ್ರೋ ವಿಲ್ಸನ್ ಮತ್ತೆ ಗೆದ್ದರು. ಲೂಸಿಟಾನಿಯಾ ಬ್ರಿಟಿಷರ ಹಡಗೇ ಹೊರತು ಅಮೆರಿಕದ್ದಲ್ಲ. ಅದರ ಸರಕಿನಲ್ಲಿ ಬಂದೂಕಿನ ತೋಟಾಗಳ ಪೆಟ್ಟಿಗೆಗಳೂ ಇದ್ದವು. ಅದು ನ್ಯೂಯಾರ್ಕಿನಿಂದ ಹೊರಟ ಮೇ 1ರ ಬೆಳಿಗ್ಗೆ, ಯುದ್ಧವಲಯದಲ್ಲಿ ಬ್ರಿಟಿಷ್ ಹಡಗು ಹತ್ತುವವರು ತಮ್ಮ ಜೀವಕ್ಕೆ ತಾವೇ ಹೊಣೆ ಎಂಬ ಜರ್ಮನ್ ರಾಯಭಾರ ಕಚೇರಿಯ ಪ್ರಕಟಣೆ ಅಲ್ಲಿನ ಪತ್ರಿಕೆಗಳಲ್ಲಿ ಅಚ್ಚಾಗಿತ್ತು. ಮಕ್ಕಳೂ ಹೆಂಗಸರೂ ಇದ್ದ ಹಡಗಿಗೆ ಟಾರ್ಪಿಡೊ ಹೊಡೆದ ಕ್ರೌರ್ಯ ಇದರಿಂದ ಕಡಿಮೆಯಾಗುವುದಿಲ್ಲ. ಆದರೆ ಆ ಸಾವುಗಳೇ ಅಮೆರಿಕವನ್ನು ಯುದ್ಧಕ್ಕೆ ಎಳೆದವು ಎನ್ನುವುದು ಚರಿತ್ರೆಯಲ್ಲ.

ಆ ಹುಡುಗಿ ಮೂರು ನಿಮಿಷಗಳಲ್ಲಿ ಹೇಳಲು ಹೊರಟಿದ್ದು ಏನೆಂದರೆ, ತಟಸ್ಥ ರಾಷ್ಟ್ರವೊಂದು ಪರರ ಯುದ್ಧಕ್ಕೆ ಒಂದೇ ದಿನದಲ್ಲಿ ಬೀಳುವುದಿಲ್ಲ, ತನ್ನದೇ ವ್ಯಾಪಾರ, ಸಾಲ ಮತ್ತು ಪಕ್ಷಪಾತಗಳ ಹಾದಿಯಲ್ಲಿ ನಡೆದು ಹೋಗುತ್ತದೆ ಎಂದು. ಅದು ಅಕ್ಷರಶಃ ನಿಜ. 1914ರ ಆಗಸ್ಟ್‌ನಲ್ಲಿ ಅಮೆರಿಕ ತಟಸ್ಥವೆಂದು ಘೋಷಿಸಿದ ವಿಲ್ಸನ್, ನಡೆಯಲ್ಲಷ್ಟೇ ಅಲ್ಲ, ಆಲೋಚನೆಯಲ್ಲೂ ನಿಷ್ಪಕ್ಷಪಾತಿಗಳಾಗಿರಿ ಎಂದು ಜನರನ್ನು ಕೇಳಿಕೊಂಡಿದ್ದರು. ಯುದ್ಧನಿರತ ದೇಶಗಳಿಗೆ ಸಾಲ ಕೊಡುವುದು ತಟಸ್ಥ ನೀತಿಗೆ ಸಲ್ಲದು ಎಂದು ವಿದೇಶಾಂಗ ಕಾರ್ಯದರ್ಶಿ ವಿಲಿಯಂ ಜೆನಿಂಗ್ಸ್ ಬ್ರಯಾನ್ ಆಗಲೇ ಎಚ್ಚರಿಸಿದರು. ಆ ಎಚ್ಚರಿಕೆ ಬಹಳ ಕಾಲ ಬಾಳಲಿಲ್ಲ. 1915ರ ಆರಂಭದಲ್ಲಿ ಜೆ.ಪಿ. ಮಾರ್ಗನ್ ಬ್ಯಾಂಕು ಬ್ರಿಟನ್ನಿನ ಖರೀದಿ ಏಜೆಂಟಾಯಿತು. ಅದೇ ವರ್ಷ ಅಕ್ಟೋಬರ್‌ನಲ್ಲಿ ಬ್ರಿಟನ್ ಮತ್ತು ಫ್ರಾನ್ಸ್‌ಗಳಿಗೆ 50 ಕೋಟಿ ಡಾಲರ್ ಸಾಲ ದೊರೆಯಿತು. ಮಿತ್ರಪಕ್ಷಗಳಿಗೆ ಹೋಗುತ್ತಿದ್ದ ಅಮೆರಿಕದ ಸರಕಿನ ಬೆಲೆ 1914ರಲ್ಲಿ ಸುಮಾರು 82 ಕೋಟಿ ಡಾಲರ್ ಇದ್ದದ್ದು 1916ರ ವೇಳೆಗೆ 300 ಕೋಟಿ ದಾಟಿತು. ಜರ್ಮನಿಯೊಂದಿಗಿನ ವ್ಯಾಪಾರ ಹೆಚ್ಚುಕಡಿಮೆ ನಿಂತೇ ಹೋಯಿತು. ಉದ್ದರಿ ಕೊಟ್ಟ ಅಂಗಡಿಯವನು ತನ್ನ ದೊಡ್ಡ ಗಿರಾಕಿ ದಿವಾಳಿಯಾಗಬಾರದೆಂದು ಬಯಸುವ ಸ್ಥಿತಿಗೆ ಇಡೀ ದೇಶ ಬಂದು ನಿಂತಿತು.

ಇನ್ನು ನ್ಯಾಯದ ಮಾತು. ಬ್ರಿಟನ್ ಉತ್ತರ ಸಮುದ್ರವನ್ನೇ ಯುದ್ಧವಲಯವೆಂದು ಸಾರಿ ತಟಸ್ಥರ ಹಡಗುಗಳನ್ನು ತಡೆಯಿತು, 1916ರಲ್ಲಿ ಅಮೆರಿಕದ ವ್ಯಾಪಾರಸಂಸ್ಥೆಗಳನ್ನೂ ಕಪ್ಪುಪಟ್ಟಿಗೆ ಸೇರಿಸಿತು. ವಿಲ್ಸನ್ ಸಿಟ್ಟಾದರು, ಪ್ರತಿಭಟನೆಯ ಪತ್ರಗಳನ್ನು ಕಳುಹಿಸಿದರು, ಅಷ್ಟಕ್ಕೇ ನಿಂತರು. ಜರ್ಮನಿಗೆ ಮಾತ್ರ, ಲೂಸಿಟಾನಿಯಾದ ನಂತರ ಕಠಿಣ ಎಚ್ಚರಿಕೆ ಹೋಯಿತು. ಎರಡು ಕಡೆಗೂ ಒಂದೇ ಅಳತೆ ಇರಬೇಕೆಂದು ವಾದಿಸುತ್ತಿದ್ದ ಬ್ರಯಾನ್ 1915ರ ಜೂನ್‌ನಲ್ಲಿ ರಾಜೀನಾಮೆ ಕೊಟ್ಟು ಹೊರನಡೆದರು. ನನ್ನ ದೃಷ್ಟಿಯಲ್ಲಿ ಅಮೆರಿಕದ ತಟಸ್ಥ ನೀತಿಯ ಬೆನ್ನೆಲುಬು ಮುರಿದದ್ದು ಆ ದಿನ. ವಿಲ್ಸನ್ ಯುದ್ಧದಾಹಿ ಆಗಿರಲಿಲ್ಲ. ಯಾರೂ ಗೆಲ್ಲದ ಶಾಂತಿ ಬೇಕೆಂದು 1917ರ ಜನವರಿಯಲ್ಲೂ ಅವರು ಬೇಡಿಕೊಂಡರು. ಆದರೆ ಜರ್ಮನಿಯ ಮುಂದಿನ ನಡೆಗೆ ತನ್ನ ದೇಶದ ಗೌರವವನ್ನು ಕಟ್ಟಿಹಾಕಿದವರೂ ಅವರೇ.

ಆ ನಡೆ 1917ರ ಫೆಬ್ರವರಿ 1ರಂದು ಬಂತು: ಕಂಡ ಹಡಗನ್ನೆಲ್ಲ ಮುಳುಗಿಸುತ್ತೇವೆಂದು ಜರ್ಮನಿ ಹೊರಟಿತು. ಅಮೆರಿಕದ ಮೇಲೆ ಯುದ್ಧಕ್ಕೆ ಬಂದರೆ ಟೆಕ್ಸಾಸ್, ನ್ಯೂ ಮೆಕ್ಸಿಕೊ, ಅರಿಜೋನಾಗಳನ್ನು ಮರಳಿ ಕೊಡಿಸಲು ನೆರವಾಗುತ್ತೇವೆಂದು ಮೆಕ್ಸಿಕೊಗೆ ಆಸೆ ತೋರಿಸಿದ ಜರ್ಮನ್ ವಿದೇಶಾಂಗ ಸಚಿವ ಜಿಮ್ಮರ್‌ಮನ್ ಅವರ ತಂತಿ ಮಾರ್ಚ್ 1ರಂದು ಪತ್ರಿಕೆಗಳಲ್ಲಿ ಬಯಲಾಯಿತು. ಶಾಂತಿ ಮಾತುಕತೆಗೆಂದು ವಿಲ್ಸನ್ ಸರ್ಕಾರ ನಂಬಿಕೆಯಿಂದ ಬಿಟ್ಟುಕೊಟ್ಟಿದ್ದ ಅಮೆರಿಕದ ರಾಜತಾಂತ್ರಿಕ ತಂತಿಮಾರ್ಗದಲ್ಲೇ ಜರ್ಮನ್ನರು ಆ ಸಂದೇಶವನ್ನು ಕಳುಹಿಸಿದ್ದರು! ಮಾರ್ಚ್ ಮಧ್ಯದಲ್ಲಿ ವಿಜಿಲೆನ್ಸಿಯಾ, ಸಿಟಿ ಆಫ್ ಮೆಂಫಿಸ್, ಇಲಿನಾಯ್ ಎಂಬ ಅಮೆರಿಕದ್ದೇ ಹಡಗುಗಳು ಒಂದರ ಬೆನ್ನಿಗೊಂದು ಮುಳುಗಿದವು. ಹಡಗಿನ ಹೆಸರು ಹೇಳಲೇಬೇಕಿದ್ದರೆ ತೀರ್ಪುಗಾರರು ಈ ಮೂರನ್ನು ಹೇಳಬೇಕಿತ್ತು. ಆಗಲೂ ಪ್ರತಿನಿಧಿ ಸಭೆಯಲ್ಲಿ 373 ಮಂದಿ ಯುದ್ಧದ ಪರವಾಗಿ ಮತ ಹಾಕಿದರೆ 50 ಮಂದಿ ವಿರೋಧಿಸಿದರು. ಆ ಐವತ್ತರಲ್ಲಿ ಅಲ್ಲಿನ ಮೊದಲ ಮಹಿಳಾ ಸದಸ್ಯೆ ಜೆನೆಟ್ ರ‍್ಯಾಂಕಿನ್ ಒಬ್ಬರು. ಯುದ್ಧದಲ್ಲಿ 1,16,000ಕ್ಕೂ ಹೆಚ್ಚು ಅಮೆರಿಕನ್ ಯೋಧರು ಸತ್ತರು.

ಅವರ ಸಂಸತ್ತು ಮತವನ್ನಾದರೂ ಹಾಕಿತು. ಭಾರತವನ್ನು ಯಾರೂ ಕೇಳಲಿಲ್ಲ. 1918ರ ಸೆಪ್ಟೆಂಬರ್ 23ರಂದು ಈಗಿನ ಇಸ್ರೇಲಿನ ಹೈಫಾ ನಗರಕ್ಕೆ ಜೋಧಪುರದವರೊಂದಿಗೆ ಕುದುರೆಯೇರಿ ನುಗ್ಗಿದ ಮೈಸೂರು ಲ್ಯಾನ್ಸರ್ಸ್ ಪಡೆ ನಮ್ಮದು. ಅವರು ಏಕೆ ಅಷ್ಟು ದೂರ ಹೋದರು ಎಂದು ಕೇಳುವ ಮಗುವಿಗೂ ನಾಳೆ ಇದೇ ತೀರ್ಪುಗಾರರು ಒಂದು ಹಡಗಿನ ಹೆಸರು ಹೇಳಿ ಕೂರಿಸುತ್ತಾರೆಯೇ?

ಮಕ್ಕಳು ಓದಿ ತಿಳಿಯಲಿ ಎನ್ನಲು ನಮ್ಮ ಊರಿನ ಗ್ರಂಥಾಲಯದಲ್ಲಿ ಓದುವ ಸ್ಥಿತಿ ಇದೆಯೇ? ಸೂರು ಸೋರಿದ ಮೇಲೆ ಚರಿತ್ರೆಯ ಸಂಪುಟಗಳನ್ನು ಗೋಣಿಚೀಲಗಳಿಗೆ ತುಂಬಿ ಮೆಟ್ಟಿಲ ಕೆಳಗೆ ಇಟ್ಟವರು ಇನ್ನೂ ಬಿಚ್ಚಿಲ್ಲ. ಅಡಿಯ ಚೀಲಕ್ಕೆ ಗೆದ್ದಲು ಹಿಡಿದಿರುವುದನ್ನು ನಾನೇ ಕಂಡಿದ್ದೇನೆ. ಆಸ್ತಿ ತೆರಿಗೆಯ ಜೊತೆ ಗ್ರಂಥಾಲಯ ಕರವನ್ನು ಮಾತ್ರ ತಪ್ಪದೆ ವಸೂಲು ಮಾಡುತ್ತಾರೆ. ಹಿಂದಿನ ಅಧಿಕಾರಿಗೆ ಬರೆದೆ, ಅವರು ವರ್ಗವಾದರು. ಈಗಿನವರಿಗೆ ಬರೆದೆ, ಉತ್ತರವಿಲ್ಲ.

ತೀರ್ಪುಗಾರರು ತಮ್ಮ ಮಾತನ್ನು ಬಹಿರಂಗವಾಗಿ ಹಿಂದಕ್ಕೆ ಪಡೆಯಬೇಕು, ಆ ಹುಡುಗಿಯ ಅಂಕಗಳನ್ನು ಮರುಪರಿಶೀಲಿಸಬೇಕು. ಇಲ್ಲವಾದರೆ ಇಡೀ ಸ್ಪರ್ಧೆಯನ್ನೇ ರದ್ದು ಮಾಡಿ, ವಿಷಯ ತಿಳಿದವರನ್ನು ಕರೆದು ಮತ್ತೆ ನಡೆಸಬೇಕು. ತಾವೂ ವರದಿಗೆ ತಿದ್ದುಪಡಿಯನ್ನು ಅಷ್ಟೇ ದಪ್ಪಕ್ಷರಗಳಲ್ಲಿ ಪ್ರಕಟಿಸಬೇಕು. ಗೋಣಿಚೀಲಗಳನ್ನು ಬಿಚ್ಚಿಸುವ ಹೊಣೆ ಯಾರದೋ ಅವರು ಇನ್ನಾದರೂ ಕುರ್ಚಿ ಬಿಟ್ಟು ಏಳಲಿ. ಓದಿಕೊಂಡು ಬಂದ ಮಗುವನ್ನು ಓದದೆ ಬಂದವರು ತುಂಬಿದ ಸಭೆಯಲ್ಲಿ ಅವಮಾನಿಸಿದ್ದಾರೆ. ಇದಕ್ಕೆ ಅವರಿಗೆ ನಾಚಿಕೆಯಾಗಬೇಕು.

ಇಂತಿ,
ನಿವೃತ್ತ ಇತಿಹಾಸ ಉಪನ್ಯಾಸಕ